ಎರಡನೇ ಪಂಕ್ತಿ

“ಇದೂ ಬ್ಯಾಡ ಬಿಡಿ. ಅಂಚು ತೀರಾ ಅಗಲ ಆಯ್ತು,” ಎಂದಳು ನರಸಮ್ಮ.

ಅಂಗಡಿಯವನು ಮುಖದ ನಗು ಕೆಡಿಸಿಕೊಳ್ಳದೆ ಆ ಸೀರೆಯನ್ನು ಪಕ್ಕಕ್ಕೆ ಸರಿಸಿ ಇನ್ನೊಂದರ ಮಡಿಕೆ ಬಿಚ್ಚಿದ. ಚಿಕ್ಕಪೇಟೆಯಲ್ಲಿ ಅವರಿಗೆ ಇದು ಮೂರನೆಯ ಅಂಗಡಿ. ಮೊದಲನೆಯದರಲ್ಲಿ ಬಣ್ಣಗಳೆಲ್ಲ ಕಣ್ಣಿಗೆ ಹೊಡೆದವು. ಎರಡನೆಯದರಲ್ಲಿ ಸೆರಗು ಸಪ್ಪೆ ಎನಿಸಿತು. ಈಗ ಅಂಚಿನ ಸರದಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಅಂಗಡಿಯವನಿಗೂ ಗೊತ್ತಿದ್ದೀತು, ವ್ಯಾಪಾರಸ್ಥನಾದ್ದರಿಂದ ಬಾಯಿ ಬಿಡಲಿಲ್ಲ. ಬಿಳಿ ಹಾಸಿನ ಮೇಲೆ ರಾಶಿ ಬಿದ್ದ ರೇಷ್ಮೆಯ ಪಕ್ಕದಲ್ಲಿ ಮದುಮಗಳು ಭಾನುಪ್ರಿಯಾ ಮಂಡಿ ಮಡಚಿ ಕೂತು, ಸೀರೆ ಬಿಟ್ಟು ತಾಯಿಯ ಮುಖವನ್ನೇ ನೋಡುತ್ತಿದ್ದಳು.

ನಿಜ ಹೇಳಬೇಕೆಂದರೆ ಯಾವ ಸೀರೆಯಲ್ಲೂ ಐಬಿರಲಿಲ್ಲ. ಹೊಸಕೋಟೆ ಸೀಮೆಯ ಇವರ ಪೈಕಿಯಲ್ಲಿ ಧಾರೆ ಸೀರೆ ತೆಗೆಯುವುದು ಗಂಡಿನ ಕಡೆಯವರು. ಆದರೆ ಹೆಣ್ಣಿನ ತಾಯಿ ಸೀರೆಯ ಮೇಲೆ ಕೈಯಿಟ್ಟು “ಆಗಲಿ” ಎನ್ನದೆ ಬಿಲ್ಲು ಬರೆಸುವಂತಿಲ್ಲ. ಅವಳು ಆಗಲಿ ಅಂದಮೇಲೆ ಸೀರೆಗೆ ಅರಿಶಿನ ಕುಂಕುಮ ಮುಟ್ಟಿಸುತ್ತಾರೆ. ಅಲ್ಲಿಂದಾಚೆಗೆ ಸಂಬಂಧ ಮುರಿಯುವ ಮಾತಿಲ್ಲ, ಜವಳಿಯಾದರೆ ಅರ್ಧ ಮದುವೆಯಾದ ಹಾಗೆ. ಅಷ್ಟು ಸಣ್ಣ ಮಾತು ಬೆಳಗಿನಿಂದ ನರಸಮ್ಮನ ಬಾಯಿಂದ ಹೊರಡುತ್ತಿರಲಿಲ್ಲ. ಮಗಳನ್ನು ಈ ಮನೆಗೆ ಕೊಡಬೇಕೋ ಬೇಡವೋ ಎಂದು ಅವಳಿಗೆ ಇನ್ನೂ ತೀರ್ಮಾನವಾಗಿರಲಿಲ್ಲ.

ಹುಡುಗನ ಮೇಲೆ ದೂರಿಲ್ಲ. ಅಶೋಕ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್. ಇವತ್ತು ರಜೆ ಸಿಗದೆ ಬಂದಿಲ್ಲ ಅಷ್ಟೆ. ನಂದಗುಡಿ ಹತ್ತಿರ ತೋಟ, ನೀರು ಬತ್ತದ ಬೋರ್‌ವೆಲ್ಲು, ಡೇರಿಗೆ ಎರಡು ಹೊತ್ತು ಹಾಲು. ಮುಳ್ಳು ಚುಚ್ಚಿದ್ದು ಬೇರೆ ಕಡೆ. ಹದಿನೈದು ದಿನದ ಹಿಂದೆ ಮನೆ ನೋಡಲೆಂದು ಹೋದಾಗ ಎಲ್ಲರ ಊಟವಾದ ಮೇಲೆ ನರಸಮ್ಮ ಕುಡಿದ ಲೋಟ ಇಡಲು ಅಡಿಗೆಮನೆಗೆ ಹೋದಳು. ಅಲ್ಲಿ ಅಶೋಕನ ತಾಯಿ ಅನುಸೂಯಮ್ಮ ಒಲೆಕಟ್ಟೆಯ ಪಕ್ಕ ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದು, ಕದ್ದವಳ ಹಾಗೆ ಗಬಗಬನೆ ಉಣ್ಣುತ್ತಿದ್ದಳು. ಅಷ್ಟರಲ್ಲಿ ಪಡಸಾಲೆಯಿಂದ ಅವಳ ಗಂಡ ಕೊಂಡಪ್ಪ “ನೀರು!” ಎಂದು ಕೂಗಿದ. ತಟ್ಟೆಯನ್ನು ಗೂಡಿನಲ್ಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಚೊಂಬು ಹಿಡಿದು ಓಡಿದಳು. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇತ್ತು.

ಸಮೇತನಹಳ್ಳಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಇದನ್ನು ಗಂಡ ಪಿಳ್ಳಣ್ಣನಿಗೆ ಹೇಳಿದ್ದಳು. ಅವನಿಗೆ ನಗು ಬಂತು. “ಎಲ್ರ ಮನೇಲೂ ಅಷ್ಟೇ ಕಣೆ. ನೀನೇನು ಕೂತ್ಕೊಂಡು ಉಣ್ತೀಯಾ?”

“ಅದಕ್ಕೇ ಹೇಳ್ತಿರೋದು,” ಎಂದಿದ್ದಳು ನರಸಮ್ಮ. ಅವನಿಗೆ ಅರ್ಥವಾಗಲಿಲ್ಲ. ಇವತ್ತು ಜವಳಿಗೂ ಅವನು ಬಂದಿಲ್ಲ, ಹಸು ಈಯುವ ಹಾಗಿದೆ ಎಂದು ಮನೆಯಲ್ಲೇ ಉಳಿದಿದ್ದ.

ಕೊಂಡಪ್ಪ ಕೆಟ್ಟವನು ಎನ್ನುವಂತಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ಬೆಳಿಗ್ಗೆ ಹೊಸಕೋಟೆ ಬಸ್‌ಸ್ಟ್ಯಾಂಡಿನಲ್ಲಿ ಇವರಿಗಿಂತ ಮೊದಲೇ ಬಂದು ನಾಲ್ಕು ಸೀಟು ಹಿಡಿದು ಕೂತಿದ್ದ. ಆದರೆ ಎಲ್ಲದಕ್ಕೂ ಅವನದೇ ಬಾಯಿ. ಸ್ಟ್ಯಾಂಡಿನ ಪಕ್ಕದಲ್ಲಿ ಟೆಂಪೋಗೆ ಬದನೆಕಾಯಿ ಕ್ರೇಟು ತುಂಬುತ್ತಿದ್ದುದನ್ನು ಕಿಟಕಿಯಿಂದ ನೋಡಿ, “ನಾವು ಟಮೋಟ ಇಡ್ತೀವಿ, ಬೀನ್ಸ್ ಇಡ್ತೀವಿ, ಕೋಸು ಇಡ್ತೀವಿ. ಬದನೆ ಮಾತ್ರ ಇಡಲ್ಲ ನರಸಮ್ಮನೋರೆ. ನಮ್ಮನೇಗೆ ಆಗಿಬರಲ್ಲ,” ಎಂದ. ಹಿಂದಿನ ಸೀಟಿನಿಂದ ಅನುಸೂಯಮ್ಮ “ಹೂಂ” ಎಂದಳು. ಕೆಲವು ಮನೆಗೆ ಕೆಲವು ಬೆಳೆ ಆಗಿಬರುವುದಿಲ್ಲ, ಅದರಲ್ಲಿ ವಿಶೇಷವೇನಿಲ್ಲ. ನರಸಮ್ಮ ಗಮನಿಸಿದ್ದು ಆ ಹೂಂ. ಮೂರು ಅಂಗಡಿ ತಿರುಗಿದ ಮೇಲೂ ಆ ಹೆಂಗಸಿನ ಬಾಯಿಂದ ಹೂಂ ಬಿಟ್ಟು ಬೇರೇನೂ ಬಂದಿರಲಿಲ್ಲ. ಅಂಗಡಿಯವನು ಪಾಪ, “ಅಮ್ಮಾ, ಅತ್ತೆಯವರು ನೀವು, ನಿಮಗೆ ಯಾವುದು ಇಷ್ಟ ಹೇಳಿ,” ಎಂದು ಕೇಳಿದ್ದ. “ಅವಳಿಗೇನು ಗೊತ್ತಾಗ್ತದೆ, ನೀವು ತೆಗೀರಿ,” ಎಂದು ಉತ್ತರ ಕೊಟ್ಟವನು ಕೊಂಡಪ್ಪ. ಆಗಲೂ ಅವಳು ಹೂಂ ಎಂದಿದ್ದಳು.

ಇನ್ನೊಂದು ಹತ್ತು ವರ್ಷಕ್ಕೆ ನನ್ನ ಮಗಳೂ ಹೂಂ ಅನ್ನುತ್ತಾಳೆ ಎಂದು ನರಸಮ್ಮನಿಗೆ ಸಂಕಟವಾಯಿತು.

“ಹೊಟ್ಟೆ ತಾಳ ಹಾಕ್ತಾ ಐತೆ,” ಎಂದು ಕೊಂಡಪ್ಪ ಎದ್ದ. “ಊಟ ಮಾಡ್ಕೊಂಡ್ ಬಂದು ನೋಡಾಣ. ಜವಳಿ ದಿನದ ಊಟ ಗಂಡಿನ ಕಡೇರ್ದು. ದೊಡ್ಡ ಹೋಟ್ಲಿಗೇ ಹೋಗಾಣ.”

ದೊಡ್ಡ ಹೋಟೆಲಿನ ಮೆಟ್ಟಿಲ ಮೇಲೆಲ್ಲ ಜನ ಟೋಕನ್ ಹಿಡಿದು ನಿಂತಿದ್ದರು. ಮುಕ್ಕಾಲು ಗಂಟೆಯಾಗುತ್ತದೆ ಎಂದ ಕಾವಲಿನವನು. ಜನವರಿಯ ಬಿಸಿಲಾದರೂ ನೆತ್ತಿ ಸುಡುತ್ತಿತ್ತು. ಆಗ ಭಾನುಪ್ರಿಯಾ ಬಾಯಿ ಬಿಟ್ಟಳು.

“ಮಾವ, ಇಲ್ಲೇ ಕಾಟನ್‌ಪೇಟೆ ಹಿಂದೆ ಒಂದು ಊಟದ ಮನೆ ಇದೆ. ಲ್ಯಾಬ್ ಟೆಕ್ನಿಷಿಯನ್ ಕೋರ್ಸ್ ಮಾಡೋವಾಗ ಎರಡು ವರ್ಷ ನಾನು ಅಲ್ಲೇ ಊಟ ಮಾಡಿದ್ದು. ಮುದ್ದೆ, ಸಾರು ಎಲ್ಲಾ ಸಿಗತ್ತೆ. ಬಿಲ್ ಕೊಡಲ್ಲ, ಅವರವರ ಕೈಲಾದಷ್ಟು ಡಬ್ಬಿಗೆ ಹಾಕೋದು.”

“ಅನ್ನಛತ್ರಾನಾ?” ಕೊಂಡಪ್ಪನ ಹುಬ್ಬು ಗಂಟಾಯಿತು. “ಜವಳಿ ದಿನ ಬೀಗರನ್ನ ಛತ್ರಕ್ಕೆ ಕರ್ಕೊಂಡೋದ ಅಂತ ನಾಳೆ ನಾಕ್ ಜನ ಆಡ್ಕೊಳಲ್ವಾ?”

“ಛತ್ರ ಅಲ್ಲ ಮಾವ. ಸಾವಿರ ಹಾಕಿದ್ರೂ ಬೇಡ ಅನ್ನಲ್ಲ.”

ಅದೊಂದು ಮಾತು ಕೊಂಡಪ್ಪನಿಗೆ ಹಿಡಿಸಿತು.

ಗಲ್ಲಿಯ ಕೊನೆಯಲ್ಲಿ ಹಳೆಯ ಹೆಂಚಿನ ಮನೆ. ಬಾಗಿಲ ಪಕ್ಕದ ಹಲಗೆಯ ಮೇಲೆ ಸುಣ್ಣದ ಅಕ್ಷರದಲ್ಲಿ ಮೂರು ಸಾಲು: ಹಸಿದಷ್ಟು ಉಣ್ಣಿ. ಆದಷ್ಟು ಕೊಡಿ. ಉಂಡವರು ಬಡಿಸಿ. ಕೊಂಡಪ್ಪ ಎರಡನೆಯ ಸಾಲಿನವರೆಗೆ ಓದಿದನೋ ಇಲ್ಲವೋ, ಒಳಗಿಂದ ಅವರೆಕಾಳಿನ ಸಾರಿನ ವಾಸನೆ ಬಂದು ಮೂಗಿಗೆ ಬಡಿಯಿತು. ಪಡಸಾಲೆಯಲ್ಲಿ ಉದ್ದನೆಯ ಮೇಜು, ಎರಡೂ ಕಡೆ ಬೆಂಚು. ಹೊಸ ಪಂಕ್ತಿ ಕೂರುತ್ತಿತ್ತು. ಅವನು ಚಪ್ಪಲಿ ಬಿಟ್ಟವನೇ ನೇರ ಹೋಗಿ ಖಾಲಿಯಿದ್ದ ಜಾಗದಲ್ಲಿ ಕೂತ. ಮದುವೆಮನೆಯಿರಲಿ, ತಿಥಿಮನೆಯಿರಲಿ, ಮೊದಲನೆಯ ಪಂಕ್ತಿಯಲ್ಲಿ ಕೂರದ ದಿನ ಅವನ ನೆನಪಿನಲ್ಲೇ ಇರಲಿಲ್ಲ. ನರಸಮ್ಮ ಮತ್ತು ಅನುಸೂಯಮ್ಮ ಯಾರೂ ಹೇಳದೆ ಹೋಗಿ ಗೋಡೆಗೆ ಒರಗಿ ನಿಂತರು. ಇನ್ನೂ ಮೂರು ಜಾಗ ಖಾಲಿಯಿದ್ದವು, ಅದು ಇಬ್ಬರ ಗಮನಕ್ಕೂ ಬರಲಿಲ್ಲ. ಭಾನುಪ್ರಿಯಾ ಏನೋ ಹೇಳಲು ಬಾಯಿ ತೆರೆದವಳು ಮುಚ್ಚಿಕೊಂಡು ತಾನೂ ಗೋಡೆಯ ಪಕ್ಕ ನಿಂತಳು.

“ಏನೇ ಭಾನು, ದಾರಿ ತಪ್ಪಿ ಬಂದ್ಯಾ?” ಎನ್ನುತ್ತ ಅಡಿಗೆಮನೆಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಆ ಮನೆಯನ್ನು ನಡೆಸುವ ಪ್ರಮೋದಾ ಅವಳೇ. ಭಾನುಪ್ರಿಯಾ ಅವಳ ಕಿವಿಯಲ್ಲಿ ಏನೋ ಹೇಳಿದಳು. ಪ್ರಮೋದಾ ಕೊಂಡಪ್ಪನ ಕಡೆ ಒಮ್ಮೆ ನೋಡಿ ನಕ್ಕು ಒಳಗೆ ಹೋದಳು.

ಕೊಂಡಪ್ಪ ಚೆನ್ನಾಗಿ ಉಂಡ. ಇಸ್ತ್ರಿ ಅಂಗಿಯ, ಜೇಬಿನಲ್ಲಿ ಪೆನ್ನಿದ್ದ ಒಬ್ಬಾತ ಮುದ್ದೆ ಬಡಿಸುತ್ತಿದ್ದ. “ಏ, ಇಲ್ಲಿ ನೀರ್ ಹಾಕಪ್ಪ. ಯಾವಾಗ್ಲಿಂದ ಕೇಳ್ತಿದೀನಿ,” ಎಂದು ಕೊಂಡಪ್ಪ ಅವನನ್ನು ಗದರಿಸಿದ. “ಬಂದೆ ಯಜಮಾನ್ರೆ,” ಎಂದು ಆತ ಓಡಿಬಂದು ನೀರು ಹಾಕಿದ. ಗೋಡೆಯ ಪಕ್ಕದಿಂದ ಅನುಸೂಯಮ್ಮನ ಕಣ್ಣು ಗಂಡನ ತಟ್ಟೆಯ ಮೇಲೇ ಇತ್ತು. ಅನ್ನ ಮುಗಿಯುತ್ತ ಬಂದಾಗ ಅವಳು ತನಗರಿವಿಲ್ಲದೆ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಸರಿದಳು. ಸಾರಿನಲ್ಲಿ ಅವರೆಕಾಳಿನ ಜೊತೆ ಬದನೆಕಾಯಿ ಇತ್ತು. ಅವನು ಹೋಳುಗಳನ್ನೆಲ್ಲ ಬೆರಳಿನಿಂದ ತಟ್ಟೆಯ ಅಂಚಿಗೆ ತಳ್ಳುತ್ತಿದ್ದ.

ಪಂಕ್ತಿ ಎದ್ದಿತು. ಕೈ ತೊಳೆದು ಟವೆಲಿನಲ್ಲಿ ಬಾಯಿ ಒರೆಸಿಕೊಳ್ಳುತ್ತಿದ್ದ ಕೊಂಡಪ್ಪನ ಮುಂದೆ ಪ್ರಮೋದಾ ಒಂದು ಬಕೀಟು, ಒಂದು ಸೌಟು ತಂದು ನಿಂತಳು.

“ತಗೊಳಿ ಯಜಮಾನ್ರೆ. ಸಾರು ನಿಮ್ದು.”

“ನಂದಾ? ಏನಮ್ಮ ಹಂಗಂದ್ರೆ?”

“ಉಂಡ ಪಂಕ್ತಿಯೋರು ಮುಂದಿನ ಪಂಕ್ತಿಗೆ ಬಡಿಸ್ಬೇಕು. ಇಲ್ಲಿ ಪದ್ಧತಿ. ನಿಮಗೆ ಬಡಿಸಿದೋರೂ ಉಂಡೋರೇ.”

ಇಸ್ತ್ರಿ ಅಂಗಿಯಾತ ಆಗ ಬಾಗಿಲ ಬಳಿ ಬ್ಯಾಗು ಹೆಗಲಿಗೇರಿಸುತ್ತ, “ಬರ್ತೀನಮ್ಮ, ಬ್ಯಾಂಕಿಗೆ ಹೊತ್ತಾಯ್ತು,” ಎಂದು ಹೊರಟ. ಕೊಂಡಪ್ಪ ಅವನ ಬೆನ್ನನ್ನೇ ನೋಡಿದ. ಬ್ಯಾಂಕಿನವರ ಮುಂದೆ ಕೈಕಟ್ಟಿ ನಿಂತು ಅಭ್ಯಾಸವೇ ಹೊರತು ಗದರಿ ಅಭ್ಯಾಸವಿಲ್ಲ.

“ನಾನು ದುಡ್ ಹಾಕ್ತೀನಲ್ಲಮ್ಮ,” ಎಂದ, ದನಿ ಸ್ವಲ್ಪ ಇಳಿದಿತ್ತು.

“ಹಾಕಿ. ದುಡ್ ಹಾಕಿದೋರು ಬಡಿಸ್ಬಾರ್ದು ಅಂತೇನಿಲ್ಲ.”

ಅಷ್ಟರಲ್ಲಿ ಅನುಸೂಯಮ್ಮ ಧಾವಿಸಿ ಬಂದು ಬಕೀಟಿಗೆ ಕೈ ಹಾಕಿದಳು. “ಕೊಡಿ ಕೊಡಿ, ನಾನ್ ಬಡಿಸ್ತೀನಿ. ಅವ್ರಿಗೆ ಅಭ್ಯಾಸ ಇಲ್ಲ.”

“ನೀವಿನ್ನೂ ಉಂಡೇ ಇಲ್ವಲ್ಲಮ್ಮ,” ಎಂದು ಪ್ರಮೋದಾ ಅವಳ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದಳು. ನರಸಮ್ಮ ಪಕ್ಕದಲ್ಲಿ ಕೂತಳು, ಅವಳ ಆಚೆ ಭಾನುಪ್ರಿಯಾ. ಈಗ ಈ ಮನುಷ್ಯ ಬಕೀಟು ಕುಕ್ಕಿ ರೇಗಾಡಿ ಹೊರಗೆ ನಡೆದರೆ ಅಲ್ಲಿಗೆ ಮುಗಿಯಿತು, ಮಧ್ಯಾಹ್ನ ಇನ್ನೊಂದು ಅಂಗಡಿ ಹತ್ತುವ ಕೆಲಸವಿಲ್ಲ. ಹಾಗೆಯೇ ಆಗಲಿ ಎಂದು ನರಸಮ್ಮನ ಒಂದು ಮನಸ್ಸು ಬಯಸಿತು. ಬಯಸಿದ್ದಕ್ಕೆ ನಾಚಿಕೆಯೂ ಆಯಿತು.

ಕೊಂಡಪ್ಪ ಸುತ್ತಲೂ ನೋಡಿದ. ಅವನ ಜೊತೆ ಉಂಡಿದ್ದ ಆಟೋ ಡ್ರೈವರ್ ಆಗಲೇ ಮುದ್ದೆಯ ತಟ್ಟೆ ಎತ್ತಿಕೊಂಡಿದ್ದ, ಕಾಲೇಜು ಹುಡುಗಿ ನೀರಿನ ಜಗ್ಗು ಹಿಡಿದಿದ್ದಳು. ಅವನು ಹೆಗಲ ಟವೆಲನ್ನು ತೆಗೆದು, ಕೊಡವಿ, ನಿಧಾನವಾಗಿ ಸೊಂಟಕ್ಕೆ ಸುತ್ತಿಕೊಂಡ. ಬಕೀಟು ಎತ್ತಿದ.

ಬಡಿಸುವುದನ್ನು ನೋಡಿದವರಿಗೆಲ್ಲ ಬಡಿಸಲು ಬರುವುದಿಲ್ಲ. ಮೊದಲನೆಯ ತಟ್ಟೆಯಲ್ಲಿ ಸಾರು ಪಲ್ಯದ ಮೇಲೆ ಹರಿಯಿತು. ಎರಡನೆಯದು ಹೂ ಮಾರುವ ಅಮ್ಮಯಮ್ಮ ಎಂಬ ಮುದುಕಿಯದು. ಹೂವಿನ ಬುಟ್ಟಿಯನ್ನು ಕಾಲ ಬಳಿಯೇ ಇಟ್ಟುಕೊಂಡಿದ್ದಳು. ಅವಳು ಸುಮ್ಮನಿರುವ ಪೈಕಿಯಲ್ಲ.

“ಏನಣ್ಣೋ, ಗದ್ದೆಗೆ ನೀರ್ ಕಟ್ದಂಗೆ ಬಿಡ್ತಾ ಇದೀಯ! ಮುದ್ದೆ ತೇಲ್ತಾ ಐತೆ ನೋಡು. ಸೌಟು ಬಗ್ಗಿಸಿ ಬಿಡು. ಸಾಕಾ ಅಂತ ಕೇಳು.”

ಕೊಂಡಪ್ಪ ಮೂರನೆಯ ತಟ್ಟೆಗೆ ಸೌಟು ಬಗ್ಗಿಸಿದ. “ಸಾಕಾ?” ಎಂದ. ಆ ಮಾತು ಅವನ ಬಾಯಿಗೆ ಹೊಸದಾಗಿ ಕೊಂಡ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು. ನಾಲ್ಕನೆಯವರಿಗೆ, ಐದನೆಯವರಿಗೆ ಕೇಳುತ್ತ ಭಾನುಪ್ರಿಯಾಳನ್ನು ದಾಟಿ ನರಸಮ್ಮನ ಬಳಿ ಬಂದ.

“ಸಾಕಾ ನರಸಮ್ಮನೋರೆ?”

ಆ ಪ್ರಶ್ನೆಯನ್ನು ನರಸಮ್ಮ ದಿನಕ್ಕೆ ಹತ್ತು ಸಲ ಕೇಳುವವಳು. ತನ್ನನ್ನು ಯಾರಾದರೂ ಕೇಳಿದ್ದು ಯಾವಾಗ ಎಂದು ನೆನೆಸಿಕೊಂಡರೆ ತವರಿನ ಅಡಿಗೆಮನೆಯೇ ಕಣ್ಣಮುಂದೆ ಬಂತು. “ಸಾಕು ಬೀಗ್ರೆ,” ಎಂದಳು.

ಆಮೇಲೆ ಅನುಸೂಯಮ್ಮನ ತಟ್ಟೆ. ಗಂಡ ಹತ್ತಿರ ಬಂದ ಕೂಡಲೆ ಅವಳು ಅರ್ಧ ಎದ್ದಳು. “ಕೂತ್ಕೊ,” ಎಂದ ಕೊಂಡಪ್ಪ. ಕೂತಳು. ಅವನು ಸೌಟನ್ನು ಬಕೀಟಿನೊಳಗೆ ಇಳಿಸಿ ಎತ್ತಿದ, ನೋಡಿದ, ಸಾರನ್ನು ವಾಪಸು ಸುರಿದ. ಮತ್ತೆ ಅದ್ದಿದ. ಮತ್ತೆ ಸುರಿದ. ಬಕೀಟಿನ ಮೇಲೆ ಬಗ್ಗಿ, ಕಣ್ಣು ಕಿರಿದು ಮಾಡಿ, ಸೌಟಿನ ತುದಿಯಿಂದ ಏನನ್ನೋ ಪಕ್ಕಕ್ಕೆ ತಳ್ಳತೊಡಗಿದ.

“ಯಜಮಾನ್ರೆ, ಸಾರು!” ಎಂದು ಪಂಕ್ತಿಯ ಕೊನೆಯಿಂದ ಯಾರೋ ಕೂಗಿದರು.

“ತಡೀರಪ್ಪ ಒಂದ್ ಗಳಿಗೆ.”

ನರಸಮ್ಮನಿಗೆ ಮೈ ಉರಿಯಿತು. ಹೆಂಡತಿಯ ಸರದಿ ಬಂದಾಗ ಕಾಳಿಲ್ಲದ ತಿಳಿ ಹುಡುಕುತ್ತಿದ್ದಾನೆ ಎಂದುಕೊಂಡಳು. ಆದರೆ ಸೌಟಿನಲ್ಲಿ ಬಂದದ್ದು ಕಾಳೇ, ಭರ್ತಿ ಅವರೆಕಾಳು.

“ಏನ್ ಹುಡುಕ್ತಾ ಇದೀರಿ?” ಅನುಸೂಯಮ್ಮ ಮೆಲ್ಲಗೆ ಕೇಳಿದಳು.

“ಬದನೆಕಾಯಿ ಕಣೆ, ಎಲ್ಲಿ ಹಾಕಿದ್ರೂ ಅದೇ ಬರ್ತದೆ. ತಡಿ, ಬರೀ ಕಾಳ್ ಹಾಕ್ತೀನಿ.”

“ಪರವಾಗಿಲ್ಲ, ಹಾಕಿ.”

“ಏನ್ ಪರವಾಗಿಲ್ಲ? ಅಶೋಕ ಹುಟ್ಟಿದಾಗ ನಿಮ್ಮೂರಲ್ಲಿ ಯಾರೋ ಬದನೆಕಾಯಿ ಸಾರ್ ಕೊಟ್ಟು, ನಿಂಗೆ ಮೈಯೆಲ್ಲ ದದ್ದೆದ್ದು ಕಣ್ಣು ಊದ್ಕೊಂಡು ಮುಚ್ಚೋಗಿತ್ತು. ಇನ್ಮೇಲೆ ಇವಳ ಕಣ್ಣಿಗೆ ಬದನೆಕಾಯಿ ತೋರಿಸ್ಬ್ಯಾಡಿ ಅಂತ ಸೂಲಗಿತ್ತಿ ಬೈರಮ್ಮ ಬೈದಿರಲಿಲ್ವಾ?”

“ಅದು ಬಾಣಂತೀಲಿ ಕಣ್ರೀ. ಪಥ್ಯದಾಗೆ.”

ಕೊಂಡಪ್ಪನ ಸೌಟು ನಿಂತಿತು.

“ನಿಮಗೇ ಆಗಿಬರಲ್ಲ ಅಂತಲ್ವಾ,” ಎಂದಳು ಅನುಸೂಯಮ್ಮ. “ಬಾಣಂತನ ಮುಗಿಸ್ಕೊಂಡು ಬರೋಹೊತ್ಗೆ ತೋಟದಾಗೆ ಒಂದು ಬದನೆ ಗಿಡ ಇರಲಿಲ್ಲ. ಯಾಕತ್ತೆ ಅಂದ್ರೆ, ಕೊಂಡ ಬ್ಯಾಡ ಅಂದ, ಅವನೇ ಕಿತ್ತಾಕ್ದ ಅಂದ್ರು ನಿಮ್ಮವ್ವ. ಅದಕ್ಕೇ ಮನೇಗೆ ತರೋದೇ ಬಿಟ್ಟೆ. ಇಪ್ಪತ್ತೇಳು ವರ್ಷ ಆಯ್ತು.”

“ನಾನೇ ಕಿತ್ತಾಕ್ದೆ. ಎರಡು ಗುಂಟೆ ಇತ್ತು, ಕಾಯಿ ಬಿಟ್ಟಿತ್ತು.” ಅವನು ಬಕೀಟಿನ ಒಳಗೆ ನೋಡುತ್ತ ಹೇಳಿದ. “ನೀನು ಬಂದವಳು ಕಿತ್ಕೊಂಡು ಮತ್ತೆ ಅದನ್ನೇ ಮಾಡ್ಕೊಂಡ್ ತಿಂದ್ಬಿಟ್ರೆ ಅಂತ ಹೆದರಿಕೆ ಆಯ್ತು. ಹೆಂಡ್ತಿಗೋಸ್ಕರ ಫಸಲು ಕಿತ್ತೆ ಅಂದ್ರೆ ಊರೋರು ನಗಲ್ವಾ. ಅದಕ್ಕೆ ಮನೇಗೆ ಆಗಿಬರಲ್ಲ ಅಂದೆ.”

“ಇಪ್ಪತ್ತೇಳು ವರ್ಷ!” ಎಂದಳು ಅಮ್ಮಯಮ್ಮ, ತುತ್ತನ್ನು ಕೈಯಲ್ಲೇ ಹಿಡಿದು. ಪಂಕ್ತಿಯಲ್ಲಿ ಯಾರೋ ನಕ್ಕರು. ಸಾರಿಗೆ ಕೂಗಿದವನು ಮತ್ತೆ ಕೂಗಲಿಲ್ಲ.

“ನಂಗೆ ಬದನೆಕಾಯಿ ಅಂದ್ರೆ ಪ್ರಾಣ ಕಣ್ರೀ,” ಎಂದಳು ಅನುಸೂಯಮ್ಮ.

“ಎಲ್ ತಿಂತೀಯ ಮತ್ತೆ?”

“ಮದುವೆ ಮನೆಗಳಾಗೆ. ಕೊನೇ ಪಂಕ್ತೀಲಿ. ಅಷ್ಟೊತ್ಗೆ ನೀವು ಉಂಡು ಎಲಡಿಕೆ ಹಾಕ್ಕೊಂಡು ಚಪ್ಪರದಾಗೆ ಕೂತಿರ್ತೀರಿ.” ಅವನ ಕಡೆ ತಲೆ ಎತ್ತಿ ಅಂದಳು, “ನಾನು ಉಣ್ಣೋದನ್ನ ನೀವೆಲ್ಲಿ ನೋಡಿದೀರಿ?”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇವತ್ತು ಬುಧವಾರ ಎನ್ನುವ ಹಾಗೆ ಅಂದಳು. ಕೊಂಡಪ್ಪನ ಮುಖ ಕೆಂಪಾಗಿ, ಆಮೇಲೆ ಚಿಕ್ಕದಾಯಿತು. ಸೌಟಿನ ಕಾಳನ್ನು ತಟ್ಟೆಗೆ ಬಗ್ಗಿಸಿದ. ಮತ್ತೆ ಅದ್ದಿ, ಪಕ್ಕಕ್ಕೆ ತಳ್ಳಿದ್ದ ಹೋಳುಗಳನ್ನೇ ಆರಿಸಿ ಎತ್ತಿ, ಚೆಲ್ಲದ ಹಾಗೆ ಅವಳ ಮುದ್ದೆಯ ಪಕ್ಕ ಇಟ್ಟ.

“ಸಾಕಾ?”

ಅನುಸೂಯಮ್ಮ ತಟ್ಟೆ ನೋಡಿದಳು. ಹೂಂ ಎನ್ನುತ್ತಾಳೆ ಎಂದುಕೊಂಡಳು ನರಸಮ್ಮ.

“ಇನ್ನೆರಡು ಹಾಕಿ.”

ಹಾಕಿದ. ಹಾಕಿದವನು ಮುಂದೆ ಹೋಗದೆ ಅಲ್ಲೇ ನಿಂತ. ಅವಳು ತುತ್ತು ಮುರಿದು, ಹೋಳಿನ ಜೊತೆ ಸಾರಿಗೆ ಅದ್ದಿ ನುಂಗುವುದನ್ನು ಕೆಲಸ ಕಲಿಯುವವನ ಹಾಗೆ ನೋಡಿದ. ಎಲ್ಲರೆದುರು ಗಂಡ ನೋಡುತ್ತಿದ್ದಾನೆಂದು ಅವಳಿಗೆ ನಾಚಿಕೆಯಾಗಿ ಎಡಗೈಯಿಂದ ಸೆರಗು ಎಳೆದುಕೊಂಡಳು. ಉಣ್ಣುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಊಟವಾದ ಮೇಲೆ ಹೆಂಗಸರು ಮೂವರೂ ಮುಂದಿನ ಪಂಕ್ತಿಗೆ ಬಡಿಸಿದರು. ಕೊಂಡಪ್ಪ ಡಬ್ಬಿಯ ಮುಂದೆ ಬಹಳ ಹೊತ್ತು ನಿಂತಿದ್ದ. ಬಿಲ್ಲಿಲ್ಲದ ಕಡೆ ದೊಡ್ಡಸ್ತಿಕೆ ತೋರಿಸುವುದು ಹೇಗೆ ಎನ್ನುವುದು ಅವನ ಸಮಸ್ಯೆ. ಫೋನಿನಲ್ಲಿ ಹಾಕಿದರೆ ಇಷ್ಟು ಬಂತು ಎಂದು ಕೂಗಿ ಹೇಳುವ ಪೆಟ್ಟಿಗೆಯೂ ಇರಲಿಲ್ಲ. ಕೊನೆಗೆ ನೋಟನ್ನು ನಾಲ್ಕು ಮಡಿಕೆ ಮಾಡಿ, ಯಾರಿಗೂ ಕಾಣದ ಹಾಗೆ ತೂರಿಸಿದ.

ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆಯುವಾಗ ನರಸಮ್ಮ ಮಗಳನ್ನು ಹಿಡಿದಳು. “ಬೇಕಂತ್ಲೇ ಇಲ್ಲಿಗೆ ಕರ್ಕೊಂಡ್ ಬಂದ್ಯಾ?”

“ಊಟಕ್ಕೆ ಕರ್ಕೊಂಡ್ ಬಂದೆ. ಮೊದಲ್ನೇ ಪಂಕ್ತೀಲಿ ಕೂತ್ಕೊಂಡಿದ್ದು ಅವ್ರು.” ಭಾನುಪ್ರಿಯಾ ನಕ್ಕಳು. “ಅಂಚು ಅಗಲ, ಸೆರಗು ಸಪ್ಪೆ ಅಂತ ನೀನು ಯಾಕ್ ಅಂತಿದೀಯ ಅಂತ ನಂಗೆ ಗೊತ್ತಿಲ್ವಾ ಅಮ್ಮ? ಅಶೋಕ್‌ನ ಎರಡು ಸಲ ಇಲ್ಲಿಗೆ ಕರ್ಕೊಂಡ್ ಬಂದಿದೀನಿ. ಅವ್ರು ಮಜ್ಜಿಗೆ ಚೆನ್ನಾಗಿ ಬಡಿಸ್ತಾರೆ.”

ನರಸಮ್ಮ ಮಗಳನ್ನು ಹೊಸಬಳನ್ನು ನೋಡುವ ಹಾಗೆ ನೋಡಿದಳು. ತಾನು ಹದಿನೈದು ದಿನದಿಂದ ನಿದ್ದೆಗೆಟ್ಟು ಹೊತ್ತ ಭಾರವನ್ನು ಈ ಹುಡುಗಿ ಮಜ್ಜಿಗೆಯ ಚೊಂಬಿನಲ್ಲಿ ತೂಗಿ ನೋಡಿಬಿಟ್ಟಿದ್ದಳು. ಕೋಪವೂ ಬಂತು, ನಗುವೂ ಬಂತು. ಆದರೂ ಒಳಗಿನ ತಕ್ಕಡಿ ನೆಟ್ಟಗೆ ನಿಲ್ಲಲಿಲ್ಲ. ಹೆಂಡತಿಗೆ ಆಗುವುದಿಲ್ಲವೆಂದು ಕಾಯಿಬಿಟ್ಟ ಗಿಡ ಕಿತ್ತು, ಅದನ್ನು ಯಾರಿಗೂ ಹೇಳದೆ, ತಾನೂ ತಿನ್ನದೆ ಇದ್ದವನು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದು ಅವಳ ತಟ್ಟೆಯ ಕಡೆ ಒಂದು ಸಲ ತಿರುಗಿ ನೋಡದವನೂ ಅವನೇ.

“ನೋಡು,” ಎಂದಳು ಕೊನೆಗೆ. “ಮದುವೆ ಆದ ಮಾರನೇ ದಿನದಿಂದ್ಲೇ ಎಲ್ರ ಜೊತೆ ಕೂತ್ಕೊಂಡು ಉಣ್ಣು. ಯಾರೇನ್ ಅಂದ್ರೂ ಸರಿ. ನಿಮ್ಮತ್ತೇನೂ ಪಕ್ಕದಾಗೆ ಕೂರಿಸ್ಕೊ.”

“ನೀನು?”

“ನಾನೇನು?”

“ನಮ್ಮನೇಲಿ ನೀನು ಒಲೆ ಹತ್ರ ನಿಂತ್ಕೊಂಡೇ ಅಲ್ವಾ ಉಣ್ಣೋದು.”

ನರಸಮ್ಮ ನಲ್ಲಿ ನಿಲ್ಲಿಸಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಮೂರನೆಯ ಅಂಗಡಿಗೇ ಹೋದರು. ಬೆಳಿಗ್ಗೆ ಪಕ್ಕಕ್ಕೆ ಸರಿಸಿದ್ದ ಹಸಿರು ಸೀರೆಯನ್ನೇ ನರಸಮ್ಮ ಕೇಳಿದಳು. “ಅಂಚು ಅಗಲ ಅಂದ್ರಲ್ಲಮ್ಮ?” ಎಂದ ಅಂಗಡಿಯವನು. “ಹೊಟ್ಟೆ ಹಸಿದಿತ್ತಲ್ಲ, ಅಗಲವಾಗಿ ಕಾಣ್ತಿತ್ತು,” ಎಂದಳು. ಆಮೇಲೆ ಅನುಸೂಯಮ್ಮನ ಕಡೆ ತಿರುಗಿ, “ನೀವೊಂದ್ ಮಾತು ಹೇಳಿ ಅಕ್ಕ. ನೀವ್ ಹೇಳ್ದೆ ನಾನ್ ಕೈಯಿಡಲ್ಲ,” ಎಂದಳು. ಕೊಂಡಪ್ಪ ಬಾಯಿ ತೆರೆದ. ತೆರೆದದ್ದನ್ನು ಮುಚ್ಚಿಕೊಂಡು ಫ್ಯಾನಿನ ಕಡೆ ನೋಡಿದ. ಅನುಸೂಯಮ್ಮ ಸೀರೆಯ ಮೇಲೆ ಬೆರಳಾಡಿಸಿದಳು, ಸೆರಗನ್ನು ಭಾನುಪ್ರಿಯಾಳ ಹೆಗಲಿಗೆ ಹಾಕಿ ಸ್ವಲ್ಪ ದೂರ ಸರಿದು ನೋಡಿದಳು.

“ನನ್ನ ಸೊಸೆಗೆ ಒಪ್ತದೆ,” ಎಂದಳು.

ನರಸಮ್ಮ ಅಂಗೈಯನ್ನು ಸೀರೆಯ ಮೇಲೆ ಊರಿದಳು. “ಆಗಲಿ.” ಅಂದಮೇಲೆ ಕಣ್ಣಲ್ಲಿ ನೀರು ಬಂತು. ಹೆಣ್ಣು ಹೆತ್ತವರಿಗೆ ಅದು ಇದ್ದದ್ದೇ ಎಂದು ಯಾರೂ ಕಾರಣ ಕೇಳಲಿಲ್ಲ.

ಮಾರ್ಕೆಟ್ಟಿನ ಬಸ್‌ಸ್ಟಾಪಿಗೆ ನಡೆದು ಹೋಗುವಾಗ ಜನ ಕಿಕ್ಕಿರಿದಿದ್ದರು. ತಿರುಗಿ ನೋಡಿದರೆ ಕೊಂಡಪ್ಪನಿಲ್ಲ. ಅನುಸೂಯಮ್ಮ ಸೀರೆಯ ಚೀಲವನ್ನು ಎದೆಗೆ ಅವುಚಿಕೊಂಡು ಗಾಬರಿಯಿಂದ ಕತ್ತು ಉದ್ದ ಮಾಡಿದಳು. ಹೊಸಕೋಟೆಯ ಬಸ್ಸು ಬಂದು ನಿಂತು ಹಾರ್ನ್ ಮಾಡುತ್ತಿತ್ತು.

“ಅಲ್ಲಿ ನೋಡಿ ಅತ್ತೆ,” ಎಂದು ಭಾನುಪ್ರಿಯಾ ಬೆರಳು ತೋರಿಸಿದಳು.

ರಸ್ತೆಯ ಆಚೆ, ಬೀಜ ಮಾರುವ ಅಂಗಡಿಯ ಮೆಟ್ಟಿಲ ಮೇಲೆ ಅವನು ನಿಂತಿದ್ದ. ಸೊಂಟಕ್ಕೆ ಸುತ್ತಿದ ಟವೆಲು ಇನ್ನೂ ಹಾಗೇ ಇತ್ತು. ಎರಡು ಕೈಯಲ್ಲಿ ಎರಡು ಬೀಜದ ಪೊಟ್ಟಣ. ಅವುಗಳನ್ನು ತಲೆಯ ಮೇಲಕ್ಕೆತ್ತಿ, ಆಟೋಗಳ ಸದ್ದನ್ನು ಮೀರಿ, ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವವನ ಹಾಗೆ ಕೂಗಿದ.

“ಏಯ್! ಉದ್ದಂದಾ, ಗುಂಡಂದಾ?”

ಫುಟ್‌ಪಾತಿನ ಜನವೆಲ್ಲ ತಿರುಗಿ ನೋಡಿದರು. ಅನುಸೂಯಮ್ಮ ನರಸಮ್ಮನ ಮುಖ ನೋಡಿದಳು. ಸೀರೆಯ ಚೀಲವನ್ನು ಅವಳ ಕೈಗೆ ಕೊಟ್ಟಳು. ಆಮೇಲೆ ಬಲಗೈ ಎತ್ತಿ, ಹೆಬ್ಬೆರಳು ತೋರುಬೆರಳು ಕೂಡಿಸಿ ಗುಂಡಗೆ ಮಾಡಿ ತೋರಿಸಿದಳು.

ನಡುವೆ ಲಾರಿಯೊಂದು ಬಂದು ಅವನಿಗೆ ಕಾಣಲಿಲ್ಲ. ಅವಳು ಹಿಮ್ಮಡಿ ಎತ್ತಿ ನಿಂತು ಕೈಯನ್ನು ಇನ್ನೂ ಮೇಲಕ್ಕೆ ಹಿಡಿದಳು.